ಪ್ರಿಂಟ್‌ಗೆ ಬ್ರಾಕೆಟ್ ಬಂದ ಕಥೆ: ಪೈಥಾನ್ 2ರಿಂದ 3ಕ್ಕೆ ದಾಟಲು ಹನ್ನೊಂದು ವರ್ಷ

ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ

ಇವತ್ತಿನ ಕಥೆ ಶುರುವಾಗೋದು ಒಂದು ಬ್ರಾಕೆಟ್‌ನಿಂದ.

ಕಾಲೇಜಿನಲ್ಲಿದ್ದಾಗ ಸೀನಿಯರ್ ಒಬ್ಬರು ಕೊಟ್ಟ ಜೆರಾಕ್ಸ್ ನೋಟ್ಸ್ ಮುಂದಿಟ್ಟುಕೊಂಡು ನಾನು ಪೈಥಾನ್ ಕಲಿಯೋಕೆ ಕೂತಿದ್ದೆ. ಮೊದಲನೇ ಪುಟ, ಮೊದಲನೇ ಸಾಲು. ಪ್ರಿಂಟ್ ಅಂತ ಬರೆದು, ಒಂದು ಸ್ಪೇಸ್ ಬಿಟ್ಟು, ಕೋಟ್ಸ್ ಒಳಗೆ ‘ಹಲೋ’. ಎಂಟರ್ ಒತ್ತಿದೆ. ಸಿಂಟ್ಯಾಕ್ಸ್ ಎರರ್! ಮೂರು ಸಲ ತಿದ್ದಿ ಟೈಪ್ ಮಾಡಿದೆ, ಮೂರು ಸಲವೂ ಅದೇ. ಮೊದಲನೇ ಸಾಲೇ ಬರದವನಿಗೆ ಪ್ರೋಗ್ರಾಮಿಂಗ್ ಹೇಗೆ ಬರುತ್ತೆ ಅಂತ ಅವತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಆಮೇಲೆ ಗೊತ್ತಾಯ್ತು. ನೋಟ್ಸ್ ಬರೆದವರದ್ದು ತಪ್ಪಿರಲಿಲ್ಲ, ನನ್ನದೂ ತಪ್ಪಿರಲಿಲ್ಲ. ಅವರು ಬರೆದಿದ್ದು ಪೈಥಾನ್ 2, ನನ್ನ ಲ್ಯಾಪ್‌ಟಾಪ್‌ನಲ್ಲಿ ಇದ್ದಿದ್ದು ಪೈಥಾನ್ 3. ನಮ್ಮಿಬ್ಬರ ನಡುವೆ ಭಾಷೆಯೇ ಬದಲಾಗಿತ್ತು.

ಆ ಬದಲಾವಣೆ ಯಾಕೆ ಬಂತು, ಅದನ್ನ ಜಗತ್ತು ಒಪ್ಪಿಕೊಳ್ಳೋಕೆ ಹನ್ನೊಂದು ವರ್ಷ ಯಾಕೆ ಬೇಕಾಯ್ತು, ಇವತ್ತು ಹೊಸದಾಗಿ ಕಲಿಯೋ ನಿಮಗೆ ಅದರಿಂದ ಏನು ಸಿಗುತ್ತೆ, ಇದೇ ಇವತ್ತಿನ ವಿಷಯ. ಇದರೊಳಗೆ ಒಂದು ಕಷ್ಟದ ಪ್ರಶ್ನೆಯೂ ಇದೆ. ಹಳೇ ತಪ್ಪನ್ನ ಸರಿಮಾಡೋದು ಮುಖ್ಯವಾ, ಅಥವಾ ಆ ತಪ್ಪನ್ನೇ ನಂಬಿಕೊಂಡು ಮನೆ ಕಟ್ಟಿದವರ ಗೋಡೆ ಬೀಳದ ಹಾಗೆ ನೋಡ್ಕೊಳ್ಳೋದು ಮುಖ್ಯವಾ?

ರಜೆಯಲ್ಲಿ ಹುಟ್ಟಿದ ಭಾಷೆ

1989ರ ಡಿಸೆಂಬರ್. ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಿಡಬ್ಲ್ಯುಐ ಅನ್ನೋ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನದ ಸಂಶೋಧನಾ ಸಂಸ್ಥೆ. ಅಲ್ಲಿ ಕೆಲಸ ಮಾಡ್ತಿದ್ದ ಗೈಡೊ ವಾನ್ ರೋಸಮ್‌ಗೆ ಕ್ರಿಸ್‌ಮಸ್ ರಜೆಯಲ್ಲಿ ಕೈ ಸುಮ್ಮನಿರಲಿಲ್ಲ. ಹವ್ಯಾಸಕ್ಕೆ ಅಂತ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಬರೆಯೋಕೆ ಕೂತರು. ಹೆಸರು ಹೆಬ್ಬಾವಿನದ್ದಲ್ಲ. ‘ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್’ ಅನ್ನೋ ಬಿಬಿಸಿಯ ಹಾಸ್ಯ ಕಾರ್ಯಕ್ರಮದಿಂದ ತಗೊಂಡಿದ್ದು. 1991ರ ಫೆಬ್ರವರಿಯಲ್ಲಿ ಮೊದಲ ಆವೃತ್ತಿ ಹೊರಬಂತು.

ಈ ದಿನಾಂಕ ನೆನಪಿಟ್ಟುಕೊಳ್ಳಿ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಿದ್ದು 1991ರ ಅಕ್ಟೋಬರ್‌ನಲ್ಲಿ. ಅದರಲ್ಲಿ ಕನ್ನಡಕ್ಕೂ ಜಾಗ ಇತ್ತು. ಅಂದ್ರೆ ಪೈಥಾನ್ ಹುಟ್ಟಿದ್ದು ಯೂನಿಕೋಡ್‌ಗಿಂತ ಕೆಲವು ತಿಂಗಳು ಮೊದಲು. ಆಗಿನ ಬಹುಪಾಲು ಪ್ರೋಗ್ರಾಮರ್‌ಗಳಿಗೆ ಅಕ್ಷರ ಅಂದ್ರೆ ಒಂದು ಬೈಟ್, ಅಷ್ಟೇ. ಇಂಗ್ಲಿಷ್‌ಗೆ ಅದು ಧಾರಾಳವಾಗಿ ಸಾಕು. ನಮ್ಮಂಥವರ ಲಿಪಿಗೆ ಸಾಲಲ್ಲ.

ಐದು ಅಕ್ಷರವೋ, ಹದಿನೈದೋ?

2000ದ ಅಕ್ಟೋಬರ್‌ನಲ್ಲಿ ಪೈಥಾನ್ 2.0 ಬಂತು. ಯೂನಿಕೋಡ್ ಸೌಲಭ್ಯವನ್ನೂ ತಂತು. ಆದರೆ ಹಳೇದನ್ನ ತೆಗೆಯಲಿಲ್ಲ, ಪಕ್ಕದಲ್ಲಿ ಇನ್ನೊಂದನ್ನ ಇಟ್ಟಿತು. ಹಾಗಾಗಿ ಪಠ್ಯಕ್ಕೆ ಎರಡು ಬಗೆ ಆಯ್ತು. ಒಂದು ಬೈಟ್‌ಗಳ ಸಾಲು, ಇನ್ನೊಂದು ನಿಜವಾದ ಯೂನಿಕೋಡ್ ಅಕ್ಷರಗಳ ಸಾಲು. ಸುಮ್ಮನೆ ಕೋಟ್ಸ್ ಹಾಕಿ ಬರೆದರೆ ಸಿಗ್ತಿದ್ದದ್ದು ಬೈಟ್.

ಒಂದು ಚಿಕ್ಕ ಪ್ರಯೋಗ ಹೇಳ್ತೀನಿ. ‘ಕನ್ನಡ’ ಅನ್ನೋ ಪದದ ಉದ್ದ ಎಷ್ಟು ಅಂತ ಪೈಥಾನ್ 2ನ್ನ ಕೇಳಿದರೆ, ಯುಟಿಎಫ್-8 ಬಳಸುವ ಟರ್ಮಿನಲ್‌ನಲ್ಲಿ ಉತ್ತರ 15. ಯಾಕೆ? ಯೂನಿಕೋಡ್ ಪ್ರಕಾರ ಆ ಪದದಲ್ಲಿ ಐದು ಸಂಕೇತಗಳಿವೆ: ಕ, ನ, ಒಂದು ಹಲಂತ ಚಿಹ್ನೆ, ಇನ್ನೊಂದು ನ, ಡ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್. ಐದು ಮೂರ್ಲಿ ಹದಿನೈದು. ಇದೇ ಪ್ರಶ್ನೆ ಪೈಥಾನ್ 3ಕ್ಕೆ ಕೇಳಿದರೆ ಉತ್ತರ 5.

ಸರಿಯಾಗಿ ಕೇಳಿಸಿಕೊಂಡಿದ್ರೆ ನೀವೀಗ ಜಗಳಕ್ಕೆ ಬರ್ತೀರ. ಕ, ನ್ನ, ಡ, ಮೂರೇ ಅಕ್ಷರ ಅಲ್ವಾ? ಹೌದು. ಆ ಮೂರನೇ ಉತ್ತರ ಬೇಕಂದ್ರೆ ಇವತ್ತಿಗೂ ಬೇರೆ ಲೈಬ್ರರಿಯ ಸಹಾಯ ತಗೋಬೇಕು. ಆದ್ರೂ 15ರಿಂದ 5ಕ್ಕೆ ಬಂದಿದ್ದು ಸಣ್ಣ ವಿಷಯ ಅಲ್ಲ.

ಯಾಕಂದ್ರೆ ಪೈಥಾನ್ 2ರಲ್ಲಿ ಇನ್ನೂ ದೊಡ್ಡ ಅಪಾಯ ಒಂದು ಅಡಗಿತ್ತು. ಬೈಟ್ ಮತ್ತು ಯೂನಿಕೋಡ್ ಎರಡನ್ನೂ ಕೂಡಿಸಿದರೆ ಅದು ತಕರಾರು ಮಾಡದೆ, ಎಲ್ಲವೂ ಆಸ್ಕಿ, ಅಂದ್ರೆ ಬರೀ ಇಂಗ್ಲಿಷ್ ಅಕ್ಷರ ಅಂತ ತಾನೇ ಅಂದುಕೊಂಡು ಮುಂದೆ ಹೋಗ್ತಿತ್ತು. ಇಂಗ್ಲಿಷ್ ಹೆಸರು ಹಾಕಿ ಪರೀಕ್ಷೆ ಮಾಡುವ ಪ್ರೋಗ್ರಾಮರ್‌ಗೆ ಎಲ್ಲ ಸರಿ ಕಾಣ್ತಿತ್ತು. ಒಂದು ದಿನ ಯಾರೋ ಒಬ್ಬರು ಫಾರ್ಮ್‌ನಲ್ಲಿ ತಮ್ಮ ಹೆಸರನ್ನ ಕನ್ನಡದಲ್ಲೋ, ಜಪಾನಿಯಲ್ಲೋ, ತಲೆ ಮೇಲೆ ಚುಕ್ಕೆ ಇರುವ ಜರ್ಮನ್ ಅಕ್ಷರದಲ್ಲೋ ಬರೆದರೆ, ಡಬ್ ಅಂತ ಪ್ರೋಗ್ರಾಂ ನಿಂತುಹೋಗ್ತಿತ್ತು. ತಪ್ಪು ಮಾಡಿದ್ದು ಬರೆದವರು. ಪೆಟ್ಟು ತಿಂತಿದ್ದದ್ದು ಬಳಸುವವರು, ಅದೂ ಇಂಗ್ಲಿಷ್ ಹೊರಗಿನವರು.

ಬೇರೆ ಸಣ್ಣ ತಪ್ಪುಗಳೂ ಇದ್ದವು. 3ನ್ನ 2ರಿಂದ ಭಾಗಿಸಿದರೆ 1 ಅಂತ ಉತ್ತರ ಬರ್ತಿತ್ತು, ಒಂದೂವರೆ ಅಲ್ಲ. ಒಂದು ಸಂಖ್ಯೆಯನ್ನೂ ಒಂದು ಪದವನ್ನೂ ಇಟ್ಟು ಯಾವುದು ದೊಡ್ಡದು ಅಂತ ಕೇಳಿದರೆ ನಾಚಿಕೆ ಇಲ್ಲದೆ ಏನೋ ಒಂದು ಉತ್ತರ ಕೊಡ್ತಿತ್ತು. ಪ್ರಿಂಟ್ ಅನ್ನೋದು ಬೇರೆ ಫಂಕ್ಷನ್‌ಗಳ ಹಾಗಿರದೆ, ತನಗೇ ಬೇರೆ ವ್ಯಾಕರಣ ಇಟ್ಕೊಂಡಿತ್ತು.

2008: ಒಂದೇ ಏಟಿಗೆ

ಇವನ್ನೆಲ್ಲ ಒಟ್ಟಿಗೆ ತೊಳೆದುಬಿಡೋಣ ಅನ್ನೋ ಯೋಜನೆಗೆ ‘ಪೈಥಾನ್ 3000’ ಅಂತ ಅಡ್ಡಹೆಸರು. ಆಮೇಲೆ ಆ ಸೊನ್ನೆಗಳೆಲ್ಲ ಹೋಗಿ, 2008ರ ಡಿಸೆಂಬರ್ 3ರಂದು ಪೈಥಾನ್ 3.0 ಬಂತು. ಪ್ರಿಂಟ್‌ಗೆ ಬ್ರಾಕೆಟ್ ಬಂತು. 3 ಭಾಗಿಸು 2 ಅಂದ್ರೆ 1.5 ಆಯ್ತು. ಸಂಖ್ಯೆ ಮತ್ತು ಪದವನ್ನ ಹೋಲಿಸಿದರೆ ಟೈಪ್ ಎರರ್. ಎಲ್ಲಕ್ಕಿಂತ ಮುಖ್ಯವಾಗಿ, ಕೋಟ್ಸ್ ಒಳಗೆ ಬರೆದದ್ದೆಲ್ಲ ಯೂನಿಕೋಡ್. ಬೈಟ್ ಬೇಕಂದ್ರೆ ಬೈಟ್ ಅಂತ ಹೇಳಿ ಕೇಳಬೇಕು, ಎರಡನ್ನೂ ಬೆರೆಸೋಕೆ ಬಿಡಲ್ಲ.

ವೇರಿಯಬಲ್‌ಗಳಿಗೆ ಇಂಗ್ಲಿಷ್ ಅಲ್ಲದ ಲಿಪಿಯ ಹೆಸರು ಇಡೋಕೂ ಅವಕಾಶ ಸಿಕ್ತು. ‘ಬೆಲೆ’ ಅಂತ ಕನ್ನಡದಲ್ಲೇ ಒಂದು ವೇರಿಯಬಲ್ ಮಾಡಿ ನೋಡಿ, ನಡೆಯುತ್ತೆ. ‘೧೨’ ಅಂತ ಕನ್ನಡ ಅಂಕಿಯಲ್ಲಿ ಬರೆದ ಪಠ್ಯವನ್ನ ಪೂರ್ಣಾಂಕ ಮಾಡು ಅಂದ್ರೆ 12 ಅಂತ ಅರ್ಥ ಮಾಡ್ಕೊಳ್ಳುತ್ತೆ. ‘ಇಫ್’, ‘ಫಾರ್’ ತರದ ಮೂಲಪದಗಳು ಇಂಗ್ಲಿಷ್‌ನಲ್ಲೇ ಉಳಿದವು.

ಎಲ್ಲ ಒಳ್ಳೇದೇ. ಒಂದೇ ತೊಂದರೆ: ಹಳೇ ಕೋಡ್ ಹೊಸದರಲ್ಲಿ ಓಡಲ್ಲ.

ಎಂಟಾಣೆ ಮತ್ತು ಹೊಸ ಪೈಸೆ

ಮನೆಯಲ್ಲಿ ಅಜ್ಜಿ ಐವತ್ತು ಪೈಸೆಗೆ ‘ಎಂಟಾಣೆ’ ಅಂತಿದ್ದದ್ದು ಕೇಳಿದ್ದೀರಾ? ರೂಪಾಯಿಗೆ ಹದಿನಾರು ಆಣೆ ಅನ್ನೋ ಲೆಕ್ಕ ಹೋಗಿ ನೂರು ಪೈಸೆ ಬಂದಿದ್ದು 1957ರ ಏಪ್ರಿಲ್ 1ರಂದು. ಎಂಟಾಣೆ ಅಂದ್ರೆ ಸರಿಯಾಗಿ ಐವತ್ತು, ನಾಲ್ಕಾಣೆ ಅಂದ್ರೆ ಇಪ್ಪತ್ತೈದು. ಆದ್ರೆ ಒಂದಾಣೆ? ಆರೂಕಾಲು ಪೈಸೆ! ಆ ಕಾಲು ಪೈಸೆ ಯಾರ ಜೇಬಿಗೆ? ಗೊಂದಲ ಆಗಬಾರದು ಅಂತ ಹೊಸದನ್ನ ‘ನಯಾ ಪೈಸೆ’ ಅಂತ ಕರೆದರು, ಹಳೇ ನಾಣ್ಯವನ್ನೂ ಸ್ವಲ್ಪ ಕಾಲ ಜೊತೆಗೇ ಓಡಿಸಿದರು. 1964ರಲ್ಲಿ ‘ನಯಾ’ ಬಿದ್ದುಹೋಯ್ತು, ಬರೀ ಪೈಸೆ ಉಳೀತು. ಲೆಕ್ಕ ಬದಲಾದರೂ ಬಾಯಲ್ಲಿ ಎಂಟಾಣೆ ಮಾತ್ರ ದಶಕಗಟ್ಟಲೆ ಉಳೀತು.

ಅಂಗಡಿಯಲ್ಲಿ ಇದು ನಡೆಯೋಕೆ ಕಾರಣ, ಕೌಂಟರ್ ಎರಡೂ ಕಡೆ ಮನುಷ್ಯರಿದ್ದಾರೆ. ನೀವು ಎಂಟಾಣೆ ಅಂದ್ರೆ ಅಂಗಡಿಯವರು ಐವತ್ತು ಪೈಸೆ ಅಂತ ತಿಳ್ಕೊಂಡು ಚಿಲ್ಲರೆ ಕೊಡ್ತಾರೆ. ಹಳಗನ್ನಡದ ‘ಪಾಲ್’ ಇವತ್ತು ‘ಹಾಲು’ ಆಗಿದ್ದೂ ಹೀಗೇ, ಹೇಳುವವರು ಕೇಳುವವರು ಹೊಂದ್ಕೊಂಡು ನಿಧಾನವಾಗಿ. ಕಂಪ್ಯೂಟರ್‌ಗೆ ಆ ಹೊಂದಾಣಿಕೆ ಗೊತ್ತಿಲ್ಲ. ಬ್ರಾಕೆಟ್ ಇಲ್ಲ ಅಂದ್ರೆ ಇಲ್ಲ, ಅಲ್ಲೇ ನಿಲ್ಲುತ್ತೆ.

ಯಾರೂ ಮೊದಲು ಹೆಜ್ಜೆ ಇಡಲಿಲ್ಲ

ಪೈಥಾನ್ ತಂಡ ಸುಮ್ಮನೆ ಕೂತಿರಲಿಲ್ಲ. ಹಳೇ ಕೋಡನ್ನ ಹೊಸದಕ್ಕೆ ತಿರುಗಿಸುವ ‘2ಟು3’ ಅನ್ನೋ ಉಪಕರಣ ಕೊಟ್ಟಿತ್ತು. ಪ್ರಿಂಟ್‌ಗೆ ಬ್ರಾಕೆಟ್ ಹಾಕೋದು ಅದಕ್ಕೆ ಸುಲಭ. ಆದ್ರೆ ಈ ಸಾಲು ಪಠ್ಯವೋ ಬೈಟೋ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಅದು ಬರೆದವರ ತಲೆಯಲ್ಲಿ ಮಾತ್ರ ಇತ್ತು. ಎಷ್ಟೋ ಸಲ ಬರೆದವರ ತಲೆಯಲ್ಲೂ ಇರಲಿಲ್ಲ!

ಜೊತೆಗೆ 3.0 ಸ್ವಲ್ಪ ನಿಧಾನ. ಫೈಲ್ ಓದುವ ಬರೆಯುವ ಭಾಗವನ್ನ ಪೈಥಾನ್‌ನಲ್ಲೇ ಬರೆದಿದ್ದರಿಂದ ಎಳೀತಿತ್ತು. 2009ರ 3.1ರಲ್ಲಿ ಅದನ್ನ ಸಿ ಭಾಷೆಯಲ್ಲಿ ಮತ್ತೆ ಬರೆದರು. ಆದ್ರೆ ಮೊದಲು ಕೆಟ್ಟ ಹೆಸರು ಬಂದ್ರೆ ಹೋಗೋದು ಕಷ್ಟ ಅಲ್ವಾ?

ದೊಡ್ಡ ಗಂಟು ಇದ್ದದ್ದು ಬೇರೆ ಕಡೆ. ಒಂದು ಕಂಪನಿಯ ಪ್ರೋಗ್ರಾಂ ಹತ್ತಾರು ಲೈಬ್ರರಿಗಳ ಮೇಲೆ ನಿಂತಿರುತ್ತೆ. ಅದರಲ್ಲಿ ಒಂದು ಲೈಬ್ರರಿ ಪೈಥಾನ್ 3ಕ್ಕೆ ಬರದಿದ್ದರೂ ಕಂಪನಿ ಹೋಗೋ ಹಾಗಿಲ್ಲ. ಲೈಬ್ರರಿ ಬರೆಯೋರಲ್ಲಿ ಎಷ್ಟೋ ಜನ ಸಂಜೆ ಬಿಡುವಿನಲ್ಲಿ ಸಂಬಳ ಇಲ್ಲದೆ ಕೆಲಸ ಮಾಡೋರು. ‘ನಮ್ಮ ಬಳಕೆದಾರರೆಲ್ಲ 2ರಲ್ಲೇ ಇದ್ದಾರೆ, 3ಕ್ಕೆ ಯಾಕೆ ಬರೆಯಲಿ?’ ಅಂತ ಅವರು. ‘ಲೈಬ್ರರಿನೇ ಇಲ್ಲ, 3ಕ್ಕೆ ಹೇಗೆ ಹೋಗಲಿ?’ ಅಂತ ಇವರು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನೋ ಗಾದೆ ಇದೆಯಲ್ಲ, ಹಾಗೆ.

ಸೇತುವೆ ಕಟ್ಟಿದವರು

ದಾರಿ ತೆರೆದಿದ್ದು ಒಂದೇ ಏಟಿನ ಕ್ರಾಂತಿ ಅಲ್ಲ, ಚಿಕ್ಕಪುಟ್ಟ ಸೇತುವೆಗಳು. 2010ರ ಜುಲೈನಲ್ಲಿ ಪೈಥಾನ್ 2.7 ಬಂತು. 2ರ ಸಾಲಿನಲ್ಲಿ ಇದೇ ಕೊನೇದು ಅಂತ ಹೇಳಿ, 3ರ ಕೆಲವು ಹೊಸ ಸೌಲಭ್ಯಗಳನ್ನ ಅದರಲ್ಲೂ ಇಟ್ಟರು. ಅಂದ್ರೆ ಹಳೇ ಮನೆಯಲ್ಲಿ ಕೂತೇ ಹೊಸ ಅಭ್ಯಾಸ ಮಾಡ್ಕೋಬಹುದು. ಅದೇ ಹೊತ್ತಿಗೆ ‘ಸಿಕ್ಸ್’ ಅನ್ನೋ ಪುಟ್ಟ ಲೈಬ್ರರಿ ಬಂತು. ಎರಡು ಮೂರ್ಲಿ ಆರು, ಅದಕ್ಕೆ ಆ ಹೆಸರು. ಒಂದೇ ಕೋಡ್ 2ರಲ್ಲೂ 3ರಲ್ಲೂ ಓಡುವ ಹಾಗೆ ಬರೆಯೋಕೆ ಅದು ನೆರವಾಯ್ತು. ಒಂದೇ ಸಲ ಊರು ಬಿಡಬೇಕಾಗಿರಲಿಲ್ಲ, ಎರಡೂ ಕಡೆ ಕಾಲಿಟ್ಟು ದಾಟಬಹುದಿತ್ತು.

ಭಾಷೆ ಕಟ್ಟುವವರೂ ಒಂದು ಹೆಜ್ಜೆ ಹಿಂದೆ ಇಟ್ಟರು. ಹಳೇದರಲ್ಲಿ ಯೂನಿಕೋಡ್ ಪಠ್ಯದ ಮುಂದೆ ‘ಯು’ ಅಕ್ಷರ ಹಾಕಬೇಕಿತ್ತು. 3.0 ಅದನ್ನ ಬೇಡ ಅಂತ ಕಿತ್ತುಹಾಕಿತ್ತು. ಅದರಿಂದ ಎರಡೂ ಕಡೆ ಓಡುವ ಕೋಡ್ ಬರೆಯೋದು ಕಷ್ಟ ಆಗಿತ್ತು. 2012ರ 3.3ರಲ್ಲಿ ಆ ‘ಯು’ ವಾಪಸ್ ಬಂತು. ಅದಕ್ಕೆ ಹೊಸದರಲ್ಲಿ ಯಾವ ಕೆಲಸವೂ ಇಲ್ಲ. ಹಳಬರು ಬರೋಕೆ ಬಾಗಿಲು ತೆರೆದಿಟ್ಟಿದ್ದು ಅಷ್ಟೇ.

ಇದೇ ಕಾಲದಲ್ಲಿ ಬೇರೆ ಭಾಷೆಗಳಿಗೆ ಏನಾಯ್ತು ನೋಡಿ. ಪಿಎಚ್‌ಪಿ 6 ಕೂಡ ಯೂನಿಕೋಡ್ ಒಳಗೆ ತರೋಕೆ ಹೊರಟಿತ್ತು. ಆಗಲಿಲ್ಲ, 2010ರಲ್ಲಿ ಕೈಬಿಟ್ಟರು. 2015ರಲ್ಲಿ ಬಂದದ್ದು ನೇರವಾಗಿ ಪಿಎಚ್‌ಪಿ 7. ಪರ್ಲ್ 6 ಅಂತ 2000ದಲ್ಲಿ ಘೋಷಣೆ ಆಗಿದ್ದು, ಬಂದಿದ್ದು 2015ರ ಕೊನೆಗೆ. ಅಷ್ಟರಲ್ಲಿ ಅದು ಬೇರೆಯೇ ಭಾಷೆ ಆಗಿಹೋಗಿತ್ತು. 2019ರಲ್ಲಿ ‘ರಾಕು’ ಅಂತ ಹೆಸರೂ ಬದಲಾಯ್ತು. ಈ ಲೆಕ್ಕದಲ್ಲಿ ಪೈಥಾನ್ ಎಡವಿದರೂ ದಡ ಸೇರಿತು.

ಗಡುವು

2.7ಕ್ಕೆ 2015ರವರೆಗೆ ಮಾತ್ರ ಬೆಂಬಲ ಅಂತ ಮೊದಲ ಮಾತು. 2014ರಲ್ಲಿ ನೋಡಿದರೆ ತುಂಬ ಜನ ಇನ್ನೂ ಅಲ್ಲೇ ಇದ್ದರು. ಗಡುವನ್ನ 2020ಕ್ಕೆ ಮುಂದೂಡಿದರು. ಸೋಲು ಒಪ್ಕೊಂಡ ಹಾಗೆ ಕೆಲವರಿಗೆ ಕಂಡಿತು. ನನಗನ್ನಿಸೋದು, ಅದು ಬಳಸುವವರ ಕಷ್ಟ ಕಂಡು ಕೊಟ್ಟ ಸಮಯ.

ಆ ಸಮಯದಲ್ಲಿ ಹೊಸದರ ಕಡೆ ಹೋಗೋಕೆ ಆಸೆಯೂ ಹುಟ್ಟಿತು. 2015ರ 3.5ರಲ್ಲಿ ‘ಅಸಿಂಕ್’ ಮತ್ತು ‘ಅವೇಟ್’ ಬಂದವು. 2016ರ 3.6ರಲ್ಲಿ ಎಫ್-ಸ್ಟ್ರಿಂಗ್ ಬಂತು, ಅಂದ್ರೆ ವಾಕ್ಯದ ಮಧ್ಯೆ ಪುಷ್ಪಾವರಣ ಹಾಕಿ ನೇರವಾಗಿ ವೇರಿಯಬಲ್ ಹೆಸರು ಬರೆಯೋದು. ಇವು ಹಳೇ 2.7ರಲ್ಲಿ ಇರಲಿಲ್ಲ. 2017ರ ಪೈಕಾನ್ ಸಮ್ಮೇಳನದಲ್ಲಿ ಇನ್‌ಸ್ಟಾಗ್ರಾಂನ ಎಂಜಿನಿಯರ್‌ಗಳು ವೇದಿಕೆ ಮೇಲೆ ನಿಂತು ತಾವು ಪೂರ್ತಿ ಪೈಥಾನ್ 3ಕ್ಕೆ ಬಂದಿದ್ದೇವೆ ಅಂತ ಹೇಳಿದರು. ಆಪ್ ನಿಲ್ಲಿಸಲಿಲ್ಲ, ಕೋಡನ್ನ ಬೇರೆ ಶಾಖೆ ಮಾಡಿ ಇಡಲೂ ಇಲ್ಲ. ಓಡ್ತಿರೋ ಬಸ್ಸಿನ ಚಕ್ರ ಬದಲಾಯಿಸಿದ ಹಾಗೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬದಲಾಯಿಸಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾಂಗೋ 2.0 ಬಂತು, ಪೈಥಾನ್ 2ಕ್ಕೆ ಬೆಂಬಲ ಇಲ್ಲದೆ. ಈಗ ಕಾಯುವ ಸರದಿ ತಿರುಗಿತು. ಹಳೇದರಲ್ಲಿ ಉಳಿದವರೇ ಒಂಟಿ.

2020ರ ಜನವರಿ 1ಕ್ಕೆ ಪೈಥಾನ್ 2ರ ಆಯಸ್ಸು ಮುಗೀತು. ಏಪ್ರಿಲ್‌ನಲ್ಲಿ 2.7.18 ಅನ್ನೋ ಕೊನೇ ಆವೃತ್ತಿ ಕೊಟ್ಟು ಬಾಗಿಲು ಹಾಕಿದರು.

ಒಂದು ಕೊಲನ್, ಒಂದು ರಾಜೀನಾಮೆ

ನಡುವೆ ಇನ್ನೊಂದು ಘಟನೆ. ಕೊಲನ್ ಪಕ್ಕ ಸಮ ಚಿಹ್ನೆ ಹಾಕಿದರೆ ವಾಲ್ರಸ್ ಪ್ರಾಣಿಯ ಕಣ್ಣು ಮತ್ತು ಕೋರೆಹಲ್ಲಿನ ಹಾಗೆ ಕಾಣುತ್ತೆ. ಒಂದು ಬೆಲೆಯನ್ನ ಹೆಸರಿಗೆ ಕೊಡುತ್ತಲೇ ಅಲ್ಲೇ ಬಳಸೋಕೆ ಅದು ಬೇಕು ಅಂತ ಪ್ರಸ್ತಾವ ಬಂತು. ಜಗಳ ಎಷ್ಟು ಜೋರಾಯ್ತು ಅಂದ್ರೆ, ಒಪ್ಪಿಗೆ ಕೊಟ್ಟ ಮೇಲೆ 2018ರ ಜುಲೈ 12ರಂದು ಗೈಡೊ ತಮ್ಮ ಸ್ಥಾನದಿಂದಲೇ ಕೆಳಗಿಳಿದರು. ‘ಆಜೀವ ದಯಾಳು ಸರ್ವಾಧಿಕಾರಿ’ ಅನ್ನೋ ಅರ್ಥದ ತಮಾಷೆ ಬಿರುದು ಅವರಿಗಿತ್ತು. ಒಂದು ಪ್ರಸ್ತಾವಕ್ಕಾಗಿ ಇಷ್ಟು ಹೋರಾಡಿ, ಇಷ್ಟು ಜನರ ಬೇಸರ ಕಟ್ಟಿಕೊಳ್ಳೋದು ಇನ್ನು ಬೇಡ ಅನ್ನೋದು ಅವರ ಮಾತಿನ ಸಾರ. 2019ರಿಂದ ಚುನಾಯಿತರಾದ ಐದು ಜನರ ಸಮಿತಿ ನಿರ್ಧಾರ ತಗೊಳ್ತಿದೆ.

ಆ ಸಮಿತಿ ಹಳೇ ಪಾಠ ಮರೆತಿಲ್ಲ. ಒಂದು ಪ್ರೋಗ್ರಾಂ ಒಂದೇ ಹೊತ್ತಿಗೆ ಹಲವು ಪ್ರೊಸೆಸರ್ ಕೋರ್‌ಗಳನ್ನ ಪೂರ್ತಿ ಬಳಸೋಕೆ ಅಡ್ಡ ಬರುವ ‘ಗಿಲ್’ ಅನ್ನೋ ಬೀಗ ಪೈಥಾನ್‌ನಲ್ಲಿದೆ. ಅದನ್ನ ತೆಗೆಯುವ ಪ್ರಸ್ತಾವಕ್ಕೆ 2023ರಲ್ಲಿ ಒಪ್ಪಿಗೆ ಕೊಡುವಾಗ, ಪೈಥಾನ್ 3ರ ಸ್ಥಿತಿ ಇನ್ನೊಂದು ಸಲ ಬರಬಾರದು ಅಂತ ಸಮಿತಿ ಸ್ಪಷ್ಟವಾಗಿ ಹೇಳಿತು. ಹಾಗಾಗಿ 2024ರ 3.13ರಲ್ಲಿ ಅದು ಪ್ರಾಯೋಗಿಕ, 2025ರ 3.14ರಲ್ಲಿ ಅಧಿಕೃತ ಬೆಂಬಲ ಇದ್ದರೂ ಬೇಕಾದವರಿಗೆ ಮಾತ್ರ. ಯಾರನ್ನೂ ಕುತ್ತಿಗೆ ಹಿಡಿದು ತಳ್ಳಿಲ್ಲ.

ಹಾಗಾದ್ರೆ ನೀವು ಕಲಿಯೋದು ಹೇಗೆ?

ಈಗ ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಒಂದು ಹೊಸ ಪೈಥಾನ್ ಬರುತ್ತೆ, ಒಂದೊಂದಕ್ಕೂ ಸುಮಾರು ಐದು ವರ್ಷ ಬೆಂಬಲ. ಎಲ್ಲ ಬಾಯಿಪಾಠ ಮಾಡಬೇಕಾ? ಖಂಡಿತ ಬೇಡ.

ಮೊದಲನೇದು, ನಿಮ್ಮ ಮಷಿನ್‌ನಲ್ಲಿ ಯಾವ ಆವೃತ್ತಿ ಇದೆ ನೋಡಿ, ಕಲಿಯುವ ವಿಡಿಯೊ ಅಥವಾ ನೋಟ್ಸ್ ಯಾವುದಕ್ಕೆ ಅಂತ ನೋಡಿ. ಚಾಟ್‌ಬಾಟ್ ಕೊಟ್ಟ ಕೋಡ್ ಕೂಡ ಹಳೇ ಕಾಲದ್ದು ಇರಬಹುದು. ಎರಡನೇದು, ಪ್ರತಿ ಆವೃತ್ತಿಗೂ ‘ವಾಟ್ಸ್ ನ್ಯೂ’ ಅಂತ ಅಧಿಕೃತ ದಾಖಲೆ ಇರುತ್ತೆ. ಅದರಲ್ಲಿ ಒಂದೇ ಒಂದು ಹೊಸದನ್ನ ಆರಿಸಿ. ಅದಿಲ್ಲದ ಕಾಲದಲ್ಲಿ ಇದೇ ಕೆಲಸ ಹೇಗೆ ಮಾಡ್ತಿದ್ದರು ಅಂತ ಹುಡುಕಿ. 3.10ರಲ್ಲಿ ಬಂದ ‘ಮ್ಯಾಚ್’ ಅರ್ಥ ಆಗಬೇಕಂದ್ರೆ, ಅದಕ್ಕೂ ಮೊದಲಿನ ಉದ್ದುದ್ದ ‘ಇಫ್–ಎಲಿಫ್’ ಸಾಲು ಒಂದು ಸಲ ಬರೆದು ಸುಸ್ತಾಗಬೇಕು. ಮೂರನೇದು, ನಿಮ್ಮದೇ ಹಳೇ ಪ್ರೋಗ್ರಾಂನಿಂದ ಹತ್ತು ಸಾಲು ತೆಗೆದು ಹೊಸ ರೀತಿಯಲ್ಲಿ ಬರೀರಿ. ಬೇರೆಯವರ ಉದಾಹರಣೆಗಿಂತ ಅದು ಬೇಗ ಮನಸ್ಸಲ್ಲಿ ಕೂರುತ್ತೆ. ಹಳೇ ರೀತಿಯೇ ಚೆನ್ನಾಗಿ ಓದಿಸಿಕೊಳ್ಳುತ್ತಾ? ಹಾಗೇ ಬಿಡಿ, ತಪ್ಪೇನಿಲ್ಲ.

ನಾಲ್ಕನೇದು, ಡೆಪ್ರಿಕೇಶನ್ ವಾರ್ನಿಂಗ್ ಕಂಡರೆ ಮುಖ ತಿರುಗಿಸಬೇಡಿ. ಏನನ್ನಾದರೂ ತೆಗೆಯೋಕೆ ಮೊದಲು ಕನಿಷ್ಠ ಎರಡು ಆವೃತ್ತಿ ಕಾಲ ಎಚ್ಚರಿಕೆ ಕೊಡಬೇಕು ಅನ್ನೋದು ಪೈಥಾನ್‌ನ ಈಗಿನ ರೂಢಿ. ‘ಡಿಸ್ಟ್‌ಯುಟಿಲ್ಸ್’ ಹೋಗುತ್ತೆ ಅಂತ 3.10ರಲ್ಲಿ ಹೇಳಿದ್ದರು, 3.12ರಲ್ಲಿ ಹೋಯ್ತು. ಎಚ್ಚರಿಕೆ ಓದಿದವರಿಗೆ ಎರಡು ವರ್ಷ ಸಿಕ್ಕಿತ್ತು.

ಮೊದಲು ಕೇಳಿದ ಪ್ರಶ್ನೆಗೆ ಬರ್ತೀನಿ. ತಪ್ಪು ತಿದ್ದೋದಾ, ಹಳಬರನ್ನ ಕಾಯೋದಾ? ಪೈಥಾನ್ ತಿದ್ದದೆ ಹೋಗಿದ್ರೆ ಕನ್ನಡದಲ್ಲಿ ಹೆಸರು ಬರೆದವರ ಫಾರ್ಮ್ ಇವತ್ತಿಗೂ ಡಬ್ ಅಂತ ನಿಲ್ತಿತ್ತೇನೋ. ಕಾಯದೆ ಹೋಗಿದ್ರೆ ಬಳಸುವವರೇ ಉಳೀತಿರಲಿಲ್ಲ. ತಿದ್ದಬೇಕಾದ್ದನ್ನ ತಿದ್ದಿ, ದಾಟೋಕೆ ಸೇತುವೆಯನ್ನೂ ಕಟ್ಟಬೇಕು. ಸೇತುವೆ ತಡವಾಗಿ ಕಟ್ಟಿದ್ದಕ್ಕೇ ಹನ್ನೊಂದು ವರ್ಷ ಹಿಡೀತು.

ಆ ಜೆರಾಕ್ಸ್ ನೋಟ್ಸ್ ಈಗಲೂ ನನ್ನ ಹತ್ತಿರ ಇದೆ. ಮೊದಲನೇ ಸಾಲಿನಲ್ಲಿ ಪೆನ್ನಿಂದ ಎರಡು ಬ್ರಾಕೆಟ್ ಹಾಕಿ, ಕೆಳಗೆ ‘ಪೈಥಾನ್ 3’ ಅಂತ ಬರೆದು ಜೂನಿಯರ್ ಒಬ್ಬಳಿಗೆ ಕಾಪಿ ಮಾಡಿಕೊಟ್ಟಿದ್ದೆ. ನಿಮ್ಮ ನೋಟ್ಸ್ ಯಾರಿಗಾದ್ರೂ ಕೊಡೋದಾದ್ರೆ ಮೇಲೆ ಆವೃತ್ತಿ ಸಂಖ್ಯೆ ಬರೆದುಕೊಡಿ. ಮೊದಲನೇ ಸಾಲಿಗೇ ಲ್ಯಾಪ್‌ಟಾಪ್ ಮುಚ್ಚಿಡುವವರು ಒಬ್ಬರಾದರೂ ಕಡಿಮೆ ಆಗ್ತಾರೆ.